ಊಟ ಬದಲಾದ ಮೇಲೆ ಹೊಟ್ಟೆ ನಾಜೂಕಾಯಿತೇ, ಅಥವಾ ಅದರ ಮಾತು ಈಗ ಕೇಳಿಸುತ್ತಿದೆಯೇ?

ಬಯಲುಸೀಮೆಯವ:
ಬೆಂಗಳೂರಿನಲ್ಲಿ ಕಚೇರಿ ಕೆಲಸ ಮಾಡುವ ನಾನು ಬಹುಕಾಲ ದರ್ಶಿನಿಯ ಖಾರಾಬಾತು, ಮಧ್ಯಾಹ್ನದ ಹೋಟೆಲ್ ಊಟ, ಸಂಜೆಯ ಬೇಕರಿ ಪಫ್ ಮತ್ತು ಇವುಗಳ ನಡುವಿನ ಕಾಫಿಗಳಲ್ಲೇ ದಿನ ಕಳೆದವನು. ಕೆಲವು ತಿಂಗಳಿಂದ ರಾಗಿಮುದ್ದೆ, ಸೊಪ್ಪಿನ ಸಾರು, ಕಾಳಿನ ಉಸಲಿ, ಮಜ್ಜಿಗೆ ಎಂಬ ಮನೆಯೂಟದ ಕ್ರಮಕ್ಕೆ ಬಂದಿದ್ದೇನೆ. ತೂಕ ಇಳಿಯಬಹುದೆಂದುಕೊಂಡಿದ್ದೆ, ಕಂಡ ಬದಲಾವಣೆ ಬೇರೆಯದು. ಮೊದಲು ಹಸಿವು ಸ್ಪಷ್ಟವಾಗಿ ತಿಳಿಯುತ್ತಿರಲಿಲ್ಲ, ಏನಾದರೂ ಬಾಯಾಡಿಸಬೇಕೆಂಬ ಚಪಲ ಮಾತ್ರ ಇಡೀ ದಿನ ಇರುತ್ತಿತ್ತು. ಈಗ ಮಧ್ಯಾಹ್ನದ ಹೊತ್ತಿಗೆ ಸರಿಯಾಗಿ ಹಸಿವಾಗುತ್ತದೆ, ಮುದ್ದೆ ಮುಗಿಯುವ ಮೊದಲೇ ಸಾಕೆನಿಸುವುದೂ ಉಂಟು. ಮದುವೆ ಮನೆಯಲ್ಲಿ ಉಂಡ ರಾತ್ರಿ ಎದೆ ಉರಿಯುತ್ತದೆ, ಬಾಯಾರಿ ಎಚ್ಚರವಾಗುತ್ತದೆ. ಹಿಂದೆ ಮೆಚ್ಚಿ ಸುರಿದುಕೊಳ್ಳುತ್ತಿದ್ದ ಸಾಂಬಾರು ಈಗ ಬರಿ ಉಪ್ಪೆನಿಸುತ್ತದೆ. ‘ಎಲ್ಲವನ್ನೂ ಅರಗಿಸುವ ಶಕ್ತಿ ಹೋಯಿತು, ನಿನ್ನ ಹೊಟ್ಟೆ ನಾಜೂಕಾಯಿತು’ ಎನ್ನುತ್ತಾರೆ ನಮ್ಮ ತಾಯಿ. ಇವೆಲ್ಲ ಮೊದಲೂ ಆಗುತ್ತಿದ್ದು ನನ್ನ ಗಮನಕ್ಕೆ ಬಾರದೆ ಹೋಗಿತ್ತೇ, ಅಥವಾ ದೇಹವೇ ಬದಲಾಗಿದೆಯೇ? ತಿಳಿದವರು ವಿವರಿಸಬೇಕಾಗಿ ವಿನಂತಿ.

ಪಥ್ಯ:
ನಾನು ಆಹಾರ ಸಲಹೆಗಾರಳು. ನಿಮ್ಮ ಅನುಭವಗಳನ್ನು ಒಂದೇ ಕಾರಣಕ್ಕೆ ಕಟ್ಟುವ ಬದಲು ಬಿಡಿಬಿಡಿಯಾಗಿ ನೋಡುವುದು ಒಳ್ಳೆಯದು. ಉಪ್ಪಿನ ವಿಷಯದಲ್ಲಿ ಬದಲಾಗಿರುವುದು ನಿಮ್ಮ ರುಚಿಯೇ. 1982ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ತಿಂಗಳುಗಟ್ಟಲೆ ಉಪ್ಪು ಕಡಿಮೆ ಮಾಡಿದವರಿಗೆ ಕ್ರಮೇಣ ಕಡಿಮೆ ಉಪ್ಪಿನ ಸೂಪೇ ಹೆಚ್ಚು ಹಿಡಿಸತೊಡಗಿತ್ತು. ರಾತ್ರಿಯ ಬಾಯಾರಿಕೆ ಮಾತ್ರ ಹೊಸದಿರಲಾರದು: ಉಪ್ಪು ಹೆಚ್ಚಾದಾಗ ರಕ್ತದ ಸಾಂದ್ರತೆ ಏರಿ ಮೆದುಳು ನೀರು ಕೇಳುತ್ತದೆ. ದಿನವೂ ಹಾಗೆಯೇ ಇದ್ದಾಗ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಗಳ ನಡುವೆ ಅಷ್ಟರಲ್ಲಿ ನಿಲ್ಲುವುದು ನಮ್ಮಲ್ಲಿ ಸುಲಭವಲ್ಲ.

ಹಸಿವಿನ ಕಥೆ ಇನ್ನೂ ಸ್ವಾರಸ್ಯಕರವಾಗಿದೆ. 1999ರಲ್ಲಿ ಜಪಾನಿನ ವಿಜ್ಞಾನಿಗಳು ಗುರುತಿಸಿದ ಗ್ರೆಲಿನ್ ಎಂಬ ಹಾರ್ಮೋನು ಮುಖ್ಯವಾಗಿ ಜಠರದಲ್ಲಿ ಉತ್ಪತ್ತಿಯಾಗುತ್ತದೆ. ರೂಢಿಯ ಊಟದ ಹೊತ್ತಿಗೆ ಏರಿ, ಉಂಡ ಮೇಲೆ ಇಳಿಯುತ್ತದೆ. ಗಂಟೆಗೊಮ್ಮೆ ಬಿಸ್ಕತ್ತು, ಕಾಫಿ ಒಳಗೆ ಹೋಗುತ್ತಿದ್ದರೆ ಈ ಏರಿಳಿತ ಸ್ಪಷ್ಟವಾಗಿ ತೋರಲು ಅವಕಾಶವೆಲ್ಲಿ? ‘ಸಾಕು’ ಎಂಬ ಸೂಚನೆಗೆ ಇನ್ನೊಂದು ತೊಡಕಿದೆ. ಜಠರ ಹಿಗ್ಗಿದ ಸುದ್ದಿ ವೇಗಸ್ ನರದ ಮೂಲಕವೂ, ಆಹಾರ ಕರುಳಿಗೆ ತಲುಪಿದ ಸುದ್ದಿ ಅಲ್ಲಿನ ಹಾರ್ಮೋನುಗಳ ಮೂಲಕವೂ ಮೆದುಳಿಗೆ ಹೋಗುತ್ತವೆ, ಮತ್ತು ಇವು ಪೂರ್ಣವಾಗಿ ಅನುಭವಕ್ಕೆ ಬರಲು ಹೆಚ್ಚುಕಡಿಮೆ 20 ನಿಮಿಷ ಹಿಡಿಯುತ್ತದೆ. ಪಫ್ ಅಷ್ಟರೊಳಗೆ ಮುಗಿದು ಎರಡನೆಯದೂ ಬಂದಿರುತ್ತದೆ. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 20 ಜನರಿಗೆ ಎರಡು ವಾರ ಅತಿಸಂಸ್ಕರಿತ (ಕಾರ್ಖಾನೆಯಲ್ಲಿ ಹಲವು ಹಂತ ದಾಟಿ ಸಿದ್ಧವಾದ) ಆಹಾರವನ್ನೂ ಎರಡು ವಾರ ಸರಳ ಆಹಾರವನ್ನೂ ಕೊಟ್ಟು ಬೇಕಾದಷ್ಟು ತಿನ್ನಲು ಬಿಟ್ಟಿತು. ಮುಂದಿಟ್ಟ ಊಟದಲ್ಲಿ ಸಕ್ಕರೆ, ಕೊಬ್ಬು, ನಾರು, ಉಪ್ಪು ಎಲ್ಲವೂ ಸಮನಾಗಿದ್ದರೂ, ಅತಿಸಂಸ್ಕರಿತ ಆಹಾರದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಬೇಗಬೇಗನೆಯೂ ತಿಂದರು.

ನಿಮ್ಮ ತಾಯಿಯವರ ಮಾತನ್ನೂ ತಳ್ಳಿಹಾಕಲಾಗದು. ಕರುಳಿನ ಸೂಕ್ಷ್ಮಜೀವಿಗಳೂ ಜೀರ್ಣರಸಗಳೂ ನಾವು ನಿತ್ಯ ತಿನ್ನುವುದಕ್ಕೆ ಹೊಂದಿಕೊಳ್ಳುತ್ತವೆ. ಆದ್ದರಿಂದ ಬಹುದಿನ ಎಣ್ಣೆ ಪದಾರ್ಥ ಬಿಟ್ಟವರಿಗೆ ಒಮ್ಮೆಲೇ ಹೋಳಿಗೆ, ಬೋಂಡಾ, ತುಪ್ಪ ಭಾರವೆನಿಸುವುದು ಸಹಜ.

ಹಳೆಯ ಓದುಗ:
ಈ ಗಮನ ನಮ್ಮ ವೈದ್ಯಪರಂಪರೆಗೆ ಹೊಸತಲ್ಲ ಎಂದಷ್ಟೇ ಸೇರಿಸುತ್ತೇನೆ. ಚರಕಸಂಹಿತೆಯು ತಡೆಯಬಾರದೆಂದು ಹೇಳುವ ಹದಿಮೂರು ವೇಗಗಳಲ್ಲಿ, ಅಂದರೆ ದೇಹದ ಸಹಜ ಒತ್ತಡಗಳಲ್ಲಿ, ಹಸಿವು, ಬಾಯಾರಿಕೆ, ನಿದ್ದೆಗಳೂ ಇವೆ. ಉಂಡದ್ದು ಜೀರ್ಣವಾಯಿತೆಂದು ತಿಳಿಯಲು ಶುದ್ಧವಾದ ತೇಗು, ಉತ್ಸಾಹ, ದೇಹದ ಲಘುತ್ವ, ಮತ್ತೆ ಹಸಿವು ಮತ್ತು ಬಾಯಾರಿಕೆ ಎಂಬ ಲಕ್ಷಣಗಳನ್ನು ಆಯುರ್ವೇದ ಗ್ರಂಥಗಳು ಕೊಡುತ್ತವೆ. ಗಡಿಯಾರ ನೋಡಿ ಉಣ್ಣುವ ನಮ್ಮಂಥವರು ಇವುಗಳಲ್ಲಿ ಒಂದನ್ನಾದರೂ ಪರೀಕ್ಷಿಸಿಕೊಳ್ಳುವುದು ಅಪರೂಪ.

ಸಂಶಯವಾದಿ:
ಮೇಲಿನ ವಿವರಣೆಗಳನ್ನು ಒಪ್ಪುತ್ತೇನೆ, ಆದರೆ ದೇಹದ ಪ್ರತಿಯೊಂದು ಸೂಚನೆಯೂ ನಿಜವನ್ನೇ ಹೇಳುತ್ತದೆಂಬ ನಂಬಿಕೆಯನ್ನು ಒಪ್ಪಲಾರೆ. ಒಂದು ಆಹಾರ ಕೆಟ್ಟದ್ದೆಂದು ಮನಸ್ಸು ತೀರ್ಮಾನಿಸಿದ ಮೇಲೆ ಹೊಟ್ಟೆಯಲ್ಲಿ ತೊಂದರೆಯನ್ನು ಅದೇ ಹುಡುಕುತ್ತದೆ. ಗೋಧಿಯಲ್ಲಿರುವ ಗ್ಲುಟನ್ ಎಂಬ ಪ್ರೋಟೀನು ತಮಗೆ ಒಗ್ಗದೆಂದು ಹೇಳುವ, ಆದರೆ ಸೀಲಿಯಾಕ್ ರೋಗ (ಗ್ಲುಟನ್‌ನಿಂದ ಕರುಳಿಗೆ ಹಾನಿಯಾಗುವ ಕಾಯಿಲೆ) ಇಲ್ಲದ ಜನರಿಗೆ ಯಾವುದು ಏನೆಂದು ತಿಳಿಸದೆ ಆಹಾರ ಕೊಟ್ಟು ನೋಡಿದ ಪರೀಕ್ಷೆಗಳಲ್ಲಿ, ಗ್ಲುಟನ್ ಇಲ್ಲದ್ದನ್ನು ತಿಂದಾಗಲೂ ಹಲವರಿಗೆ ಹೊಟ್ಟೆಯುಬ್ಬರ ಬಂದಿತ್ತು. ಅಲ್ಲದೆ ಮದುವೆಯೂಟದ ರಾತ್ರಿ ತಡವಾಗಿ ಉಂಡಿರುತ್ತೀರಿ, ಉಂಡ ಕೂಡಲೇ ಮಲಗಿರುತ್ತೀರಿ. ಎದೆಯುರಿಗೆ ಅಷ್ಟೇ ಸಾಕು. ಅದೇ ಪದಾರ್ಥಗಳನ್ನು ಮಧ್ಯಾಹ್ನ ಉಂಡಾಗ ಏನಾಗುತ್ತದೆಂದು ನೋಡದೆ ಬೋಂಡಾದ ಮೇಲೆ ಅಪವಾದ ಹೊರಿಸಬಾರದು.

ಪಥ್ಯ:
ಸಂಶಯವಾದಿಗಳ ಆಕ್ಷೇಪ ಸರಿಯಾಗಿದೆ. ಕೆಲವರಲ್ಲಿ ಸೂಚನೆಯೇ ಮಂಕಾಗಿರುತ್ತದೆ ಎಂಬುದನ್ನೂ ಇದಕ್ಕೆ ಸೇರಿಸಬೇಕು. ಬಹುಕಾಲದ ಮಧುಮೇಹಿಗಳಲ್ಲಿ, ಅದರಲ್ಲೂ ಇನ್ಸುಲಿನ್ ಬಳಸುವವರಲ್ಲಿ, ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೂ ಬೆವರು, ನಡುಕ ಕಾಣಿಸದೆ ಇರಬಹುದು. ರಕ್ತದೊತ್ತಡಕ್ಕೆ ಕೊಡುವ ಬೀಟಾ ಬ್ಲಾಕರ್ ಮಾತ್ರೆಗಳು ಸಹ ನಡುಕವನ್ನು ಮುಚ್ಚುತ್ತವೆ. ಅಂಥವರು ದೇಹದ ಮಾತನ್ನಷ್ಟೇ ನಂಬಿ ಊಟ ಕಡಿಮೆ ಮಾಡುವುದು ಅಪಾಯ; ಮಧುಮೇಹದ ಮಾತ್ರೆ ಅಥವಾ ಇನ್ಸುಲಿನ್ ಪ್ರಮಾಣವನ್ನು ಮೊದಲು ವೈದ್ಯರೊಡನೆ ಸರಿಪಡಿಸಿಕೊಳ್ಳಬೇಕು.

ಬಯಲುಸೀಮೆಯವ:
ಎಲ್ಲರಿಗೂ ಧನ್ಯವಾದಗಳು. ನನಗೆ ಮಧುಮೇಹವಿಲ್ಲ. ಮದುವೆಯೂಟ ಎಂದೂ ರಾತ್ರಿ ಹತ್ತರ ಮೇಲೆಯೇ ಆಗುತ್ತಿತ್ತು ಎಂಬುದು ಸಂಶಯವಾದಿಗಳು ಕೇಳಿದ ಮೇಲೆ ಹೊಳೆಯಿತು. ಎದೆಯುರಿ ಎಷ್ಟರ ಮಟ್ಟಿಗೆ ಇದ್ದರೆ ವೈದ್ಯರಿಗೆ ತೋರಿಸಬೇಕು?

ಪಥ್ಯ:
ವಾರದಲ್ಲಿ ಎರಡು ಬಾರಿಗಿಂತ ಹೆಚ್ಚು ಬರುತ್ತಿದ್ದರೆ ಅಥವಾ ನುಂಗುವಾಗ ಅಡ್ಡಿಯೆನಿಸಿದರೆ ತಡಮಾಡದೆ ತೋರಿಸಿ. ಉರಿಯ ಜೊತೆಗೆ ಎದೆ ಬಿಗಿತ, ಬೆವರು, ತೋಳು ಅಥವಾ ದವಡೆಯ ನೋವು ಇದ್ದರೆ ಅದನ್ನು ಗ್ಯಾಸ್ ಎಂದುಕೊಂಡು ಕೂರದೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಬೇಕು.