ಅಡಿಕೆ ಸಿಪ್ಪೆಯ ಸಸಿ ಕುಂಡ: ಒಣಗಿದರೆ ಬಿರುಕು, ನೆನೆದರೆ ಗಂಜಿ

ಶಿರಸಿ ತೋಟಿಗ:
ಕಾಳುಮೆಣಸಿನ ಬಳ್ಳಿಗೆ ಪ್ಲಾಸ್ಟಿಕ್ ಕೊಟ್ಟೆಯ ಬದಲು, ಮಣ್ಣಿನಲ್ಲೇ ಕರಗುವ ಕುಂಡ ಬೇಕು. ಈಗಿನ ಅಳತೆ: ಮರಗೆಣಸಿನ ಪಿಷ್ಟ 100 ಗ್ರಾಂ, ಗ್ಲಿಸರಿನ್ 15 ಗ್ರಾಂ, ನೀರು 400 ಮಿ.ಲೀ., ಚಾಲಿ (ಒಣಗಿಸಿದ ಹಣ್ಣಡಿಕೆ) ಸುಲಿದ ಸಿಪ್ಪೆಯ ನಾರು 40 ಗ್ರಾಂ. ಗಂಜಿ ಕಾಯಿಸಿ ನಾರು ಕಲಸಿ, ಅಡಿಕೆ ಹಾಳೆಯ ತಟ್ಟೆ ಒತ್ತುವ ಮಷಿನ್‌ಗೆ ಕುಂಡದ ಅಚ್ಚು ಕೂರಿಸಿ 180 ಡಿಗ್ರಿಯಲ್ಲಿ ಒತ್ತಿದರೆ ಗುಳ್ಳೆ ಏಳುತ್ತದೆ. ಒಣಗಿದ ಮೇಲೆ ಅಂಚಿನಲ್ಲಿ ಬಿರುಕು. ನೀರು ಹಾಕಿದರೆ ವಾರದೊಳಗೆ ಮೆತ್ತಗಾಗಿ ಬೂಷ್ಟು. ಫೆಬ್ರವರಿಯಲ್ಲಿ ಬಳ್ಳಿ ಊರಿದರೆ ಜೂನ್‌ವರೆಗೆ ತಾಳಬೇಕು. ಪಿಎಲ್‌ಎ (ಜೋಳದಂಥ ಬೆಳೆಯಿಂದ ಮಾಡುವ ಪ್ಲಾಸ್ಟಿಕ್) ಸೇರಿಸಿದರೆ ಸರಿಹೋದೀತೇ?

ಕುಮಟಾ ನಾರು:
ಗುಳ್ಳೆಗೆ ಕಾರಣ ನೀರು. ಮುಚ್ಚಿದ ಅಚ್ಚಿನಲ್ಲಿ ಉಗಿಗೆ ದಾರಿಯಿಲ್ಲ, ತೆರೆದ ಕೂಡಲೇ ಸೀಳಿಕೊಂಡು ಬರುತ್ತದೆ. ಕಲಸಿದ್ದನ್ನು ಉದುರಿಸಿ ಹರಡಿ, ತೇವ ಶೇ. 15ರ ಆಸುಪಾಸಿಗೆ ಇಳಿಸಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಬೇಕು, ಕೈಗೆ ಅಂಟಬಾರದು. ಮಷಿನ್ 140 ಡಿಗ್ರಿ ಸಾಕು, 5 ನಿಮಿಷ; ಮೊದಲ ನಿಮಿಷದಲ್ಲಿ ಎರಡು ಮೂರು ಸಲ ಅಚ್ಚನ್ನು ಕೂದಲೆಳೆಯಷ್ಟು ಎತ್ತಿ ಉಗಿ ಬಿಡಿ. 200 ದಾಟಿದರೆ ನಾರೇ ಸುಟ್ಟು ಬಲ ಕಳೆದುಕೊಳ್ಳುತ್ತದೆ. ಅಗ್ಗದ ಥರ್ಮೋಸ್ಟಾಟ್ ನಂಬಿ 180 ಇಡುವುದು ಅಪಾಯ.

ಬಿರುಕಿಗೆ ಗ್ಲಿಸರಿನ್ ಸಾಲದಿರುವುದೇ ಕಾರಣ. ಪಿಷ್ಟದ ತೂಕದ ಶೇ. 30 ಹಾಕಿ. 40 ದಾಟಿಸಿದರೆ ಮಳೆಗಾಲದ ಗಾಳಿಯಿಂದಲೇ ನೀರು ಹೀರಿ ಕುಂಡ ಬೆವರುತ್ತದೆ. ನಾರನ್ನು 5–10 ಮಿ.ಮೀ.ಗೆ ಕತ್ತರಿಸಿ, ಉದ್ದ ನಾರು ಗಂಟುಗಟ್ಟುತ್ತದೆ, ಸೀಳು ಅಲ್ಲಿಂದಲೇ ಶುರು.

ಬೂಷ್ಟಿಗೆ ಬೋರಾಕ್ಸ್ ಹಾಕಿ ಎನ್ನುವವರು ಸಿಗುತ್ತಾರೆ. ಬೇಡ. ಬೋರಾನ್ ಹೆಚ್ಚಾದರೆ ಸಸಿಯ ಎಲೆ ಅಂಚು ಸುಡುತ್ತದೆ.

ಕಾರವಾರ ಪಾಲಿಮರ್:
ಪಿಎಲ್‌ಎ ಕೈಬಿಡಿ ಮಾರಾಯ್ರೆ. ಅದರ ಕಾಳುಗಳ ತೇವ ಶೇ. 0.025ಕ್ಕಿಂತ ಕೆಳಗಿರಬೇಕು, ಇಲ್ಲದಿದ್ದರೆ ಕರಗುವ ಕಾವಿನಲ್ಲಿ ಆ ನೀರೇ ಪಾಲಿಮರ್ ಸರಪಳಿಯನ್ನು ತುಂಡರಿಸುತ್ತದೆ. ನಮ್ಮ ಜುಲೈ ಗಾಳಿಯಲ್ಲಿ ಒಣಗಿಸಿದ ನಾರು ಮಷಿನ್ ಮುಟ್ಟುವಷ್ಟರಲ್ಲಿ ಮತ್ತೆ ನೀರು ಕುಡಿದಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಪಿಎಲ್‌ಎ ಬೇಗ ಕೊಳೆಯುವುದು 58 ಡಿಗ್ರಿ ಕಾವಿನ ದೊಡ್ಡ ಕಂಪೋಸ್ಟ್ ರಾಶಿಯಲ್ಲಿ. ತೋಟದ ತಂಪು ಮಣ್ಣಿನಲ್ಲಿ ವರ್ಷಗಟ್ಟಲೆ ಹಾಗೇ ಕೂತಿರುತ್ತದೆ.

ನನ್ನ ಪ್ರಕಾರ ದಿನವೂ ನೀರುಣ್ಣುವ ಕುಂಡಕ್ಕೆ ಪಿಷ್ಟವೂ ಸರಿಯಾದ ಅಂಟಲ್ಲ. ತೆಂಗಿನ ನಾರಿನ ಕುಂಡಗಳಿಗೆ ಹಾಕುವುದು ರಬ್ಬರ್ ಹಾಲು. ಅದೂ ಗಿಡದ ಪಾಲಿಮರ್ರೇ. ಒಣ ನಾರು 100 ಗ್ರಾಂಗೆ ಪ್ರೀವಲ್ಕನೈಸ್ಡ್ ಲ್ಯಾಟೆಕ್ಸ್ (ಗಂಧಕ ಸೇರಿಸಿ ಮೊದಲೇ ಹದ ಮಾಡಿದ ರಬ್ಬರ್ ಹಾಲು, ರಬ್ಬರ್ ಶೇ. 60) 50 ಗ್ರಾಂ, ನೀರು 75 ಮಿ.ಲೀ. ಕತ್ತರಿಸದ ನಾರನ್ನು ತೆಳ್ಳಗೆ ಹರಡಿ ಪದರ ಪದರವಾಗಿ ಸಿಂಪಡಿಸಿ, ಅಚ್ಚಿನಲ್ಲಿ ಹಗುರವಾಗಿ ಒತ್ತಿ, 90–100 ಡಿಗ್ರಿಯಲ್ಲಿ ಒಣಗಿಸಿ. ಬಿಳಿ ಬಣ್ಣ ಪೂರ್ತಿ ಮಾಯವಾಗಬೇಕು. ಬಿಗಿಯಾಗಿ ಒತ್ತಬೇಡಿ, ಬೇರು ಹೊರಬರಲು ಸಂದು ಬೇಕು. ಅಮೋನಿಯಾ ವಾಸನೆ ಬರುತ್ತದೆ, ಕಿಟಕಿ ತೆರೆದಿಡಿ.

ಶಿರಸಿ ತೋಟಿಗ:
ನಾರನ್ನು ಲೀಟರಿಗೆ 50 ಗ್ರಾಂ ಕಾಸ್ಟಿಕ್ ಸೋಡಾದಲ್ಲಿ ಒಂದು ತಾಸು ಇಟ್ಟು, ವಿನೆಗರ್ ನೀರಲ್ಲಿ ತೊಳೆದಿದ್ದೇನೆ. ನಡೆಯುತ್ತದೆಯೇ?

ಕಾರವಾರ ಪಾಲಿಮರ್:
ವಿನೆಗರ್ ಉಳಿದಿದ್ದರೆ ಲ್ಯಾಟೆಕ್ಸ್ ಹಾಲೊಡೆದಂತೆ ಗಂಟುಗಟ್ಟುತ್ತದೆ. ಬರೀ ನೀರಲ್ಲಿ ಇನ್ನೂ ಮೂರು ಸಲ ತೊಳೆದು ಹುಳಿ ಉಳಿದಿಲ್ಲವೆಂದು ಲಿಟ್ಮಸ್ ಕಾಗದದಲ್ಲಿ ನೋಡಿ. ಮುಂದಿನ ಸಲ ಕಾಸ್ಟಿಕ್ ಬೇಕಿಲ್ಲ. ಎರಡು ದಿನ ನೆನೆಸಿ ಬಡಿದು, ಕಂದು ನೀರು ತಿಳಿಯಾಗುವವರೆಗೆ ತೊಳೆದರಾಯಿತು. ಆ ಸೋಡಾ ನೀರನ್ನು ಹಳ್ಳಕ್ಕೆ ಮಾತ್ರ ಬಿಡಬೇಡಿ.

ಕುಮಟಾ ನಾರು:
ಇನ್ನೊಂದು: ನಾರು ಕೊಳೆಯಲು ಶುರುವಾದಾಗ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತವೆ. ಬಳ್ಳಿ ಹಳದಿ ತಿರುಗಿದರೆ ರೋಗವೆಂದು ಔಷಧಿ ಹೊಡೆಯುವ ಮೊದಲು, ಶೇಂಗಾ ಹಿಂಡಿ ನೆನೆಸಿದ ತಿಳಿ ಹಾಕಿ ನೋಡಿ.