ಅಪ್‌ಡೇಟ್: 21ರ ಹುಡುಗ ವ್ಯಾನ್ ಓಡಿಸಿದರೆ ವಿಮೆ ದುಬಾರಿಯೇ?

ಬಳ್ಳಾರಿಯ ನಮ್ಮ ಜೀನ್ಸ್ ಹೊಲಿಗೆ ಘಟಕದ ಗೂಡ್ಸ್ ವ್ಯಾನನ್ನು 21 ವರ್ಷದ ಅಕ್ಕನ ಮಗ ಓಡಿಸಿದರೆ ವಿಮೆಯ ಕಂತು ಏರುತ್ತದೆ ಎಂದು ಏಜೆಂಟ್ ಹೇಳಿದ್ದು ನಿಜವೇ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ವಂದನೆ. ಪಾಲಿಸಿ ನವೀಕರಣವಾಯಿತು.

ಏಜೆಂಟ್ ಕೊಟ್ಟ ಲೆಕ್ಕದ ಚೀಟಿಯನ್ನು ಸಾಲು ಬಿಡದೆ ಓದಿದೆ. ಥರ್ಡ್ ಪಾರ್ಟಿ ಕಂತು, ಅಂದರೆ ನಮ್ಮ ವಾಹನದಿಂದ ಬೇರೆಯವರಿಗಾಗುವ ಹಾನಿಯ ವಿಮೆಗೆ ಕಟ್ಟುವ ಹಣ, ಸರ್ಕಾರವೇ ನಿಗದಿ ಮಾಡುವಂಥದ್ದು. ಒಟ್ಟು ತೂಕ 7,500 ಕೆಜಿ ಮೀರದ ಸರಕು ವಾಹನಕ್ಕೆ 2022ರ ದರಪಟ್ಟಿಯಂತೆ 16,049 ರೂಪಾಯಿ, ತೆರಿಗೆ ಬೇರೆ. ಅದರಲ್ಲಿ ಚಾಲಕನ ವಯಸ್ಸಿನ ಪ್ರಸ್ತಾಪವೇ ಇಲ್ಲ. ಎಳೆಯ ಚಾಲಕರೆಂದರೆ ಕಂತು ಗಗನಕ್ಕೇರುವುದು ಬ್ರಿಟನ್ನಿನ ಕಥೆ. ಇಲ್ಲಿ ಮೊತ್ತ ಉಬ್ಬಿದ್ದು ನಾವು ಕೇಳದೆಯೇ ಸೇರಿಸಿದ್ದ ಹೆಚ್ಚುವರಿ ರಕ್ಷಣೆಗಳಿಂದ. ತೆಗೆಸಿದೆ. ಏಜೆಂಟ್ ಮಹಾಶಯರು ನಕ್ಕು ಸುಮ್ಮನಾದರು. ಸಂಬಳದ ಚಾಲಕನ ಹೊಣೆಗಾರಿಕೆ ರಕ್ಷಣೆಯನ್ನು (ಚಾಲಕನಿಗೆ ಅಪಘಾತವಾದರೆ ಮಾಲೀಕರು ಕೊಡಬೇಕಾದ ಪರಿಹಾರ ಭರಿಸುವಂಥದ್ದು) ಮಾತ್ರ ಉಳಿಸಿಕೊಂಡೆ. ಅದಕ್ಕೆ ಬರೀ 50 ರೂಪಾಯಿ.

ವಯಸ್ಸು ಅಡ್ಡ ಬರುವುದು ಕಾನೂನಿನಲ್ಲಿ: 20 ತುಂಬದವರು ಗೂಡ್ಸ್ ವ್ಯಾನಿನಂಥ ಸಾರಿಗೆ ವಾಹನ ಓಡಿಸುವಂತಿಲ್ಲ. ಲೈಸೆನ್ಸ್ ವಿಷಯ ಕೇಳಿದವರಿಗೆ: ಲಘು ಮೋಟಾರು ವಾಹನದ ಲೈಸೆನ್ಸ್ ಇದ್ದವರು 7,500 ಕೆಜಿಗಿಂತ ಕಡಿಮೆ ತೂಕದ ಸಾರಿಗೆ ವಾಹನ ಓಡಿಸಬಹುದೆಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ.

ಹುಡುಗ ಈಗ ಮಾಲು ಒಯ್ಯುತ್ತಿದ್ದಾನೆ. ಹಿಂದಕ್ಕೆ ತೆಗೆಯುವಾಗ ಗೋದಾಮಿನ ಕಟ್ಟೆಗೆ ತಾಗಿಸಿ ಬಂಪರ್ ಗೀರಿದ್ದಾನೆ. ಅದಕ್ಕೆ ಕ್ಲೇಮ್ ಹಾಕುವುದಿಲ್ಲ, ಕ್ಲೇಮ್ ಹಾಕದವರಿಗೆ ನವೀಕರಣದಲ್ಲಿ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ಕೈಬಿಟ್ಟು ಹೋಗುತ್ತದೆ.