ಬೆಲ್ಟ್ ‘ತಳ ಹಿಡಿದಿದೆ’: ಈ ಮಾತು ನಿಮ್ಮ ಕಡೆ ಇದೆಯಾ?

ಎಲ್ಲರಿಗೂ ನಮಸ್ಕಾರ. ಒಂದು ಮಾತಿನ ಬಗ್ಗೆ ಕೇಳಬೇಕಿತ್ತು. ಅದು ಎಲ್ಲಿ ಕಿವಿಗೆ ಬಿತ್ತು ಅಂತ ಮೊದಲು ಹೇಳಿಬಿಡುತ್ತೇನೆ.

ರಾಜಾಜಿನಗರದ ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಒಂದು ಟೇಬಲ್ ಸಾ ಇದೆ. ಮೇಜಿನ ನಡುವೆ ಗುಂಡನೆಯ ಗರಗಸ, ಕೆಳಗೆ ಮೋಟರು, ಎರಡನ್ನೂ ಸೇರಿಸುವುದು ಒಂದು ವಿ ಬೆಲ್ಟ್, ಅಂದರೆ ಮೇಲೆ ಅಗಲ, ಕೆಳಗೆ ಕಿರಿದಾಗಿರುವ ರಬ್ಬರ್ ಬೆಲ್ಟ್. ಹೋದ ತಿಂಗಳು ಹೊನ್ನೆ ಹಲಗೆ ಕೊಯ್ಯುವಾಗ ಬ್ಲೇಡು ನಿಂತು ನಿಂತು ತಿರುಗೋಕೆ ಶುರುವಾಯಿತು. ಮೋಟರು ಮಾತ್ರ ಓಡುತ್ತಲೇ ಇತ್ತು. ರಬ್ಬರ್ ಸುಟ್ಟ ವಾಸನೆ ಬೇರೆ. ಪ್ಲಗ್ ಕಿತ್ತು, ಮೋಟರಿನ ಬೋಲ್ಟು ಸಡಿಲ ಮಾಡಿ, ಬೆಲ್ಟ್ ಬಿಚ್ಚಿಕೊಂಡು ಎಸ್.ಪಿ. ರಸ್ತೆಯ ಒಂದು ಬೆಲ್ಟ್ ಅಂಗಡಿಗೆ ಹೋದೆ.

ಅಂಗಡಿಯಲ್ಲಿದ್ದ ಹಿರಿಯರು ಬೆಲ್ಟನ್ನು ಹಿಂದಕ್ಕೆ ಬಗ್ಗಿಸಿ ನೋಡಿದರು. ಬಿರುಕು ಇರಲಿಲ್ಲ. ಪಕ್ಕದ ಮೇಲೆ ಉಗುರು ಆಡಿಸಿದರು. ಗಾಜಿನ ಹಾಗೆ ನುಣ್ಣಗೆ ಮಿರುಗುತ್ತಿತ್ತು. ಆಮೇಲೆ ಅಲ್ಲೇ ಇದ್ದ ಒಂದು ಪುಲ್ಲಿಗೆ, ಅಂದರೆ ಬೆಲ್ಟ್ ಕೂರೋಕೆ ಸುತ್ತಲೂ ಗ್ರೂವ್ (ಕಾಲುವೆಯಂಥ ಸಂದು) ಇರುವ ಚಕ್ರಕ್ಕೆ, ಹಾಕಿ ತೋರಿಸಿದರು. “ನೋಡಿ ಸಾರ್, ತಳ ಹಿಡಿದುಬಿಟ್ಟಿದೆ. ಇನ್ನೆಷ್ಟು ಟೈಟ್ ಮಾಡಿದರೂ ಅಷ್ಟೇ.”

ಅನ್ನ ತಳ ಹಿಡಿಯುತ್ತದೆ, ಹಾಲು ತಳ ಹಿಡಿಯುತ್ತದೆ. ಬೆಲ್ಟ್ ತಳ ಹಿಡಿಯುವುದನ್ನು ನಾನು ಅಲ್ಲಿಯವರೆಗೂ ಕೇಳಿರಲಿಲ್ಲ. ಆದರೆ ಬೆಲ್ಟಿಗೆ ಆಗಿದ್ದನ್ನು ಇದಕ್ಕಿಂತ ಸರಿಯಾಗಿ ಹೇಳೋಕೆ ಆಗಲ್ಲ ಅನ್ನಿಸಿತು. ವಿ ಬೆಲ್ಟ್ ಹಿಡಿಯುವುದು ತಳದಿಂದಲ್ಲ, ಎರಡು ಪಕ್ಕಗಳಿಂದ. ಮರ ಸೀಳುವಾಗ ಬೆಣೆ ಸಿಕ್ಕಿಕೊಳ್ಳುತ್ತದಲ್ಲ, ಹಾಗೆ. ನನ್ನದು ಎ ಸೈಜು: ಮೇಲೆ 13 ಮಿ.ಮೀ. ಅಗಲ, 8 ಮಿ.ಮೀ. ದಪ್ಪ. ಹೊಸದಾಗಿದ್ದಾಗ ಅದರ ಬೆನ್ನು ಹೆಚ್ಚುಕಡಿಮೆ ಪುಲ್ಲಿಯ ಅಂಚಿನ ಮಟ್ಟಕ್ಕೆ ಇರುತ್ತದೆ. ಪಕ್ಕಗಳು ಒಂದೊಂದು ಮಿ.ಮೀ. ಸವೆದರೂ ಸಾಕು, ಬೆಲ್ಟ್ ಸುಮಾರು 3 ಮಿ.ಮೀ. ಒಳಗೆ ಇಳಿಯುತ್ತದೆ. ಇಳಿದು ಇಳಿದು ಕೊನೆಗೆ ಗ್ರೂವಿನ ತಳಕ್ಕೆ ತಾಗುತ್ತದೆ. ಅಲ್ಲಿಗೆ ಬೆಣೆಯ ಹಿಡಿತ ಹೋಯಿತು. ಜಾರುತ್ತದೆ, ಕಾಯುತ್ತದೆ, ವಾಸನೆ ಬರುತ್ತದೆ. ಇನ್ನೂ ಬಿಗಿ ಮಾಡಿದರೆ ಬೇರಿಂಗಿಗೆ ಪೆಟ್ಟು, ಅಷ್ಟೇ.

ಇಷ್ಟು ಹೇಳಿದ್ದಕ್ಕೆ ಕಾರಣ ಇದೆ. ತುಮಕೂರಿನಲ್ಲಿರುವ ನನ್ನ ಬಾಮೈದನೂ ಇಂಥದ್ದೇ ಮಿಷಿನ್ ಇಟ್ಟುಕೊಂಡಿದ್ದಾನೆ. ಅವನಿಗೂ ಅವನ ಹುಡುಗರಿಗೂ ಬೆಲ್ಟ್ ಬದಲಾಯಿಸುವುದು ಹೇಗೆ ಅಂತ ಒಂದು ಪುಟ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಗೋಡೆಗೆ ಅಂಟಿಸೋಕೆ. ಪದಗಳಲ್ಲೇ ಸಿಕ್ಕಿಹಾಕಿಕೊಂಡೆ.

ಬೆಲ್ಟಿಗೆ ಬೆಲ್ಟ್ ಅಂತಲೇ ಬರೆದೆ. ‘ಚಾಲನಾ ಪಟ್ಟಿ’ ಅಂತ ಬರೆದರೆ ಯಾರಿಗೂ ತಿಳಿಯಲ್ಲ. ಪಟ್ಟಿ ಅಂದರೆ ಗಾಯಕ್ಕೆ ಕಟ್ಟುವುದೂ ಹೌದು, ಸಾಮಾನಿನ ಪಟ್ಟಿಯೂ ಹೌದು. ಪುಲ್ಲಿಗೆ ರಾಟೆ ಅನ್ನೋದು ಒಳ್ಳೆಯ ಪದವೇ, ಶಾಲೆಯ ಪುಸ್ತಕದಲ್ಲೂ ಇದೆ. ಆದರೆ ಅಂಗಡಿಗೆ ಹೋಗಿ ರಾಟೆ ಕೇಳಿದರೆ ಬಾವಿಯದ್ದಾ ಅಂತಾರೆ.

ಕಷ್ಟ ಇರುವುದು ‘ಸವೆದಿದೆ’ ಅನ್ನುವಲ್ಲಿ. ಚಪ್ಪಲಿ ಸವೆಯುತ್ತದೆ, ಮೆಟ್ಟಿಲು ಸವೆಯುತ್ತದೆ. ಆ ಸವೆತ ಕಣ್ಣಿಗೆ ಕಾಣುತ್ತದೆ. ಈ ಬೆಲ್ಟ್ ಮೇಲಿಂದ ನೋಡಿದರೆ ಹೊಸದರ ಹಾಗೇ ಇತ್ತು. ‘ಸವೆದಿದ್ದರೆ ಬದಲಾಯಿಸಿ’ ಅಂತ ಬರೆದರೆ ಹುಡುಗ ಬೆನ್ನು ನೋಡಿ, ಚೆನ್ನಾಗೇ ಇದೆ ಅಂತ ಬಿಟ್ಟುಬಿಡುತ್ತಾನೆ. ‘ಕೂತಿದೆ’ ಅಂತ ಬರೆಯೋಣ ಅಂದರೆ ಅದರಲ್ಲಿ ಎರಡು ಅರ್ಥ. ಹೊಸ ಬೆಲ್ಟ್ ಹಾಕಿದಾಗಲೂ ‘ಸರಿಯಾಗಿ ಕೂತಿದೆ’ ಅಂತೀವಿ, ಹಳೆಯದು ಒಳಗೆ ಇಳಿದಾಗಲೂ ‘ಕೂತುಬಿಟ್ಟಿದೆ’ ಅಂತೀವಿ. ಮಾತಲ್ಲಾದರೆ ‘ಬಿಟ್ಟಿದೆ’ ಅನ್ನೋದು ವ್ಯತ್ಯಾಸ ತೋರಿಸುತ್ತದೆ. ಗೋಡೆಯ ಮೇಲಿನ ಬರಹಕ್ಕೆ ಅಷ್ಟನ್ನು ನಂಬೋಕೆ ಆಗಲ್ಲ.

ಅದಕ್ಕೇ ‘ತಳ ಹಿಡಿದಿದೆಯಾ ನೋಡಿ’ ಅಂತ ಬರೆಯಬೇಕು ಅಂತ ನನ್ನ ಆಸೆ. ಮನೆಯಲ್ಲಿ ಓದಿ ಹೇಳಿದೆ. ನನ್ನ ಹೆಂಡತಿ, “ತಳ ಹಿಡಿದಿದೆ ಅಂದರೆ ಸುಟ್ಟಿದೆ ಅಂತ ತಾನೇ? ಬೆಲ್ಟ್ ಸುಟ್ಟಿದೆಯಾ ಅಂತ ಮೂಸಿ ನೋಡ್ತಾರೆ ಅಷ್ಟೇ” ಅಂದಳು. ಅದೂ ನಿಜ. ‘ತಳ ಕಚ್ಚಿದೆ’ ಅನ್ನಬಹುದು, ಆದರೆ ಅದನ್ನು ಪೇಪರಿನವರು ಬೆಲೆ ಕುಸಿದಾಗ ಜಾಸ್ತಿ ಬಳಸುತ್ತಾರೆ. ‘ತಳಕ್ಕೆ ತಾಗಿದೆ’ ಅನ್ನೋದರಲ್ಲಿ ಗೊಂದಲವಿಲ್ಲ, ಆದರೆ ಏನೋ ಕೆಟ್ಟಿದೆ ಅನ್ನುವ ಸೂಚನೆ ಅದರಲ್ಲಿ ಬರಲ್ಲ.

ಹಿಟ್ಟಿನ ಗಿರಣಿ, ಕಬ್ಬಿನ ಗಾಣ, ಪಂಪ್‌ಸೆಟ್, ಸಾ ಮಿಲ್ ಇವುಗಳ ಹತ್ತಿರ ಬೆಳೆದವರು ನಿಮ್ಮಲ್ಲಿ ಇದ್ದೇ ಇರುತ್ತೀರಿ. ಬೆಲ್ಟ್ ಹೀಗೆ ಒಳಗೆ ಇಳಿದು ಜಾರತೊಡಗಿದಾಗ ನಿಮ್ಮ ಕಡೆ ಏನಂತಾರೆ? ‘ತಳ ಹಿಡಿದಿದೆ’ ಅನ್ನೋದನ್ನು ಅಡುಗೆಮನೆ ಬಿಟ್ಟು ಬೇರೆಲ್ಲಾದರೂ ಕೇಳಿದ್ದೀರಾ? ಮತ್ತೆ, ಪಕ್ಕಗಳು ಹೀಗೆ ಗಾಜಿನಂತೆ ನುಣುಪಾಗುವುದಕ್ಕೆ ಒಂದೇ ಪದ ಇದ್ದರೆ ದಯವಿಟ್ಟು ತಿಳಿಸಿ. ಪುಟದಲ್ಲಿ ಆ ಜಾಗ ಖಾಲಿ ಬಿಟ್ಟಿದ್ದೇನೆ.